ಕ್ಯಾಮೆರಾ ಕೊಳ್ಳಾಕ ಹೊಂಟ ಮಗಳಿಗೆ

ಇಳಕಲ್ಲ
14 ನವೆಂಬರ್ 2024, ಗುರುವಾರ

ಪ್ರೀತಿಯ ಮಗಳು ಐಶ್ವರ್ಯಾಗ, ನಿಮ್ಮಪ್ಪ ಅಮಾತೆಪ್ಪ ಮಾಡೂ ಆಶೀರ್ವಾದ.

ಆರಾಮ ಅದಿಯೇನವಾ? ಅಳಿಯಂದ್ರು ಶ್ರೀಶೈಲ ಅವರು ಹೆಂಗದಾರ, ಅವರ ಸಾಲಿ ಮಕ್ಕಳ ಪರೀಕ್ಷಿ ಮುಗದ್ವೇನು? ನಿನಗ ನಾಕನೇ ತಿಂಗಳು ಅಂತ ನಮ್ಮ ಆಲ್ಬಮ್ ಮಾಡಿಕೊಡೂ ಗೌತಮ ಬಾಗಲಕೋಟಿಯಿಂದ ಫೋನ್ ಮಾಡಿ ಹೇಳಿದ. ಮಗಳು ಬಸರಿ ಅನ್ನೂದನ್ನ ಆಲ್ಬಮ್ ಮಾಡಾವನ ಬಾಯಿಂದ ಕೇಳೂ ಹಣೆಬರ ನಂದು, ಇರಲಿ. ದವಾಖಾನ್ಯಾಗ ಭಾಳ ಹೊತ್ತು ನಿಂತು ಕೆಲಸ ಮಾಡಬ್ಯಾಡ. ನರ್ಸ್ ಆಗಿ ಮಂದಿಗೆಲ್ಲಾ ಬುದ್ಧಿ ಹೇಳ್ತಿ, ನೀನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ, ನನಗ ಗೊತ್ತಿಲ್ಲೇನು? ನಾ ಆರಾಮ ಅದೀನಿ. ಬಲಗಣ್ಣಿನ ಪೊರಿ ತಗಿಸಿ ಇವತ್ತಿಗೆ ಇಪ್ಪತ್ತೆರಡು ದಿನ ಆತು. ಹೇಳಲಿಲ್ಲಂತ ಸಿಟ್ಟಾಗಬ್ಯಾಡ, ನಾಕು ಸಲ ಫೋನ್ ಮಾಡಿದ್ದೆ, ನೀ ಎತ್ತಲಿಲ್ಲ. ಅದಕ್ಕ ಪತ್ರ ಬರಿಯಾಕತ್ತೀನಿ. ಹರದು ಒಗಿಯೂದಕ್ಕರೆ ಒಮ್ಮೆ ಕೈಯಾಗ ಹಿಡೀತಿ.

ನೀ ಕ್ಯಾಮೆರಾ ತಗೋಬೇಕಂತ ಮಾಡಿದಿಯಂತ, ಯಾವುದು ಚಲೋ ಅಂತ ಗೌತಮನ್ನ ಕೇಳಿದಿಯಂತ. ಹುಟ್ಟೂ ಕೂಸಿನ ಫೋಟೋ ನಾನ ತೆಗೀತೀನಿ, ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ ಅಂದಿಯಂತ. ಯಾರ ಕೈಯಾಗೂ ಅಂದದ್ದು ಯಾರಿಗೆ ಅನ್ನೂದು ತಿಳಿಲಾರದಷ್ಟು ದಡ್ಡ ಅಲ್ಲ ನಾ. ಆದ್ರೂ ಮೂವತ್ತೈದು ವರ್ಷ ಇದನ್ನ ಬಿಟ್ಟು ಬ್ಯಾರೆ ಕೆಲಸ ಮಾಡಿಲ್ಲ, ನೀ ಕೇಳದಿದ್ರೂ ಹೇಳ್ತೀನಿ. ಅಂಗಡಿಯವ ನಿನಗ ದೊಡ್ಡ ಡಬ್ಬಿ ತೋರಸ್ತಾನ, ಎರಡು ಲೆನ್ಸ್, ಬ್ಯಾಗು, ಸ್ಟ್ಯಾಂಡು ಎಲ್ಲಾ ಪುಕ್ಕಟ ಅಂತಾನ. ಮರುಳಾಗಬ್ಯಾಡ. ಆ ಸ್ಟ್ಯಾಂಡಿನ ಮ್ಯಾಲೆ ಸೌತಿಕಾಯಿ ಇಟ್ರೂ ಬೀಳತೈತಿ. ಕ್ಯಾಮೆರಾದ ಬಾಡಿ ಸಣ್ಣದು ತಗೋ, ಕೂಸು ಒಂದು ಕೈಯಾಗ ಇದ್ರ ಇನ್ನೊಂದು ಕೈಲೆ ಎತ್ತೂವಷ್ಟು ಹಗುರ ಇರಬೇಕು. ಬಾಡಿ ಒಬ್ಬರು ಬಳಸಿದ್ದಾದ್ರೂ ಅಡ್ಡಿಯಿಲ್ಲ, ಲೆನ್ಸ್ ಮಾತ್ರ ಚಲೋದು ಇರಲಿ. ಎಲ್ಲಾರೂ ಐವತ್ತು ಎಂಎಂ ಲೆನ್ಸ್ ಅಂತಾರ, ಬದಾಮ್ಯಾಗ ನಿಮ್ಮ ಖೋಲಿ ಸಣ್ಣು, ಐವತ್ತರದು ಹಾಕಿದ್ರ ಗ್ವಾಡಿಗೆ ಬೆನ್ನು ಹಚ್ಚಿ ನಿಂದರಬೇಕಾಗತೈತಿ. ಮೂವತ್ತೈದರದು ತಗೋ, ಅಗಲ ಹಿಡೀತೈತಿ. ಕೂಸಿಗೆ ಫ್ಲ್ಯಾಶ್ ಹೊಡಿಬ್ಯಾಡ. ಕಿಡಕಿಗೆ ಒಂದು ಹಳೇ ಬಿಳಿ ಧೋತ್ರ ಕಟ್ಟು, ಅದಕ್ಕಿಂತ ಮೆತ್ತನ್ನ ಬೆಳಕು ಯಾವ ಕಂಪನಿಯವರೂ ಮಾರಂಗಿಲ್ಲ. ನಿಮ್ಮೂರ ಗುಡ್ಡದ ಕೆಂಪು ಮುಂಜಾನೆ ಮನಿಯೊಳಗೂ ಬರತೈತಿ. ಬಣ್ಣದ ಲೆಕ್ಕ ಕ್ಯಾಮೆರಾಕ್ಕ ಬಿಟ್ರ ಮಂದಿಯೆಲ್ಲಾ ಜ್ವರ ಬಂದಂಗ ಕಾಣ್ತಾರ, ಅದನ್ನ ನೀನ ಹೊಂದಸು. ದಿನಾ ಹತ್ತು ಫೋಟೋ ತೆಗಿ, ಒಂಬತ್ತು ಅಳಸು, ಉಳದ ಒಂದನ್ನ ಯಾಕ ಉಳಿಸಿದೆ ಅಂತ ನಿನ್ನ ನೀ ಕೇಳಿಕೋ. ಕೂಸು ಹುಟ್ಟೂದರಾಗ ಕೈ ಕುಂದರತೈತಿ.

ಇನ್ನೊಂದು. ಕಣ್ಣು ಹುಡುಕಿ ತಾನ ಫೋಕಸ್ ಮಾಡೂ ಕ್ಯಾಮೆರಾನ ತಗೋ. ಇದನ್ನ ಬರಿಯಾಕ ನನಗ ನಾಚಿಕಿ ಆಗತೈತಿ, ಯಾಕಂದ್ರ ಎರಡು ವರ್ಷದ ಹಿಂದ ಇದ ಮಾತು ನೀ ನನಗ ಹೇಳಿದ್ದಿ. ಅಪ್ಪಾ, ಆ ಕೈಲೆ ತಿರುವೂ ಹಳೇ ಲೆನ್ಸ್ ಬಿಡ್ರಿ, ನಿಮ್ಮ ಕಣ್ಣು ಮೊದಲಿನಂಗ ಇಲ್ಲ ಅಂದಿದ್ದಿ. ಯಂತ್ರದ ಕಡಿಂದ ಹೇಳಿಸಿಕೊಳ್ಳೂ ಮಟ್ಟಕ್ಕ ಈ ಅಮಾತೆಪ್ಪ ಇನ್ನೂ ಇಳದಿಲ್ಲ ಅಂತ ನಾ ಹಾರ್ಯಾಡಿದ್ದೆ. ಖರೆ ಹೇಳ್ತೀನಿ, ಅಷ್ಟೊತ್ತಿಗೇ ನನಗ ಎದುರಿಗೆ ನಿಂತವರ ಹುಬ್ಬು ಸರಿಯಾಗಿ ಕಾಣ್ತಿದ್ದಿಲ್ಲ. ಫೋಟೋಗ್ರಾಫರಗ ಕಣ್ಣು ಕಾಣಂಗಿಲ್ಲ ಅಂತ ಇಳಕಲ್ಲದಾಗ ಗೊತ್ತಾದ್ರ ಅಂಗಡಿ ಮುಚ್ಚೂದ ಅಂತ ಅಂಜಿ ಮುಚ್ಚಿಟ್ಟೆ. ಈ ಫೆಬ್ರವರ್ಯಾಗ ಹುನಗುಂದದಾಗ ಆದ ನಿನ್ನ ಮದುವಿಗೆ ಫೋಟೋ ತೆಗಿಯಾಕ ಜಲಾಲುದ್ದೀನನ್ನ ಕರಸೂಣು, ನೀವು ಅಪ್ಪ ಆಗಿ ಸುಮ್ಮನ ಕುಂದರ್ರಿ ಅಂತ ನೀ ಬೇಡಿಕೊಂಡಿ. ಅಂವ ನನ್ನ ಕಡೇನ ಕೆಲಸ ಕಲತು ಅಂಗಡಿ ಇಟ್ಟಾವ, ಅವನ್ನ ಕರಸಿದ್ರ ನಾ ಮುಖ ಹೆಂಗ ತೋರಸಲಿ ಅಂತ ಎರಡು ದಿನ ಊಟ ಬಿಟ್ಟೆ. ಕಡೀಕ ನಿಮ್ಮವ್ವ ನಿನ್ನ ಕೈ ಹಿಡಕೊಂಡು, ತೆಗಿಲಿ ಬಿಡವಾ, ಅವರ ಆಸೆ ಅದು ಅಂದ್ಲು. ನೀ ಸೋತಿ.

ಈಗ ಓದೂದನ್ನ ಕುಂತು ಓದು. ಮದುವಿ ಫೋಟೋದ ಮೆಮರಿ ಕಾರ್ಡು ಕೆಟ್ಟಿರಲಿಲ್ಲ. ಗೌತಮ ಕಂಪ್ಯೂಟರಿಗೆ ಹಾಕಿ ನೋಡಿ, ಕಾಕಾ, ಗಂಡು-ಹೆಣ್ಣು ಇಬ್ಬರೂ ಎಲ್ಲಾದರಾಗೂ ಮಸಕ ಬಂದಾರ್ರಿ ಅಂದ. ನಾ ಬಸ್ ಹತ್ತಿ ಹೋಗಿ ಕಾರ್ಡ್ ಇಸಕೊಂಡು ಬಂದೆ, ಯಾರಿಗೂ ಹೇಳಬ್ಯಾಡಂತ ಅವನ ಕೈಯಾಗ ಆಣಿ ಹಾಕಿಸಿಕೊಂಡೆ. ನಿನಗ ಕಾರ್ಡ್ ಕೆಟ್ಟೈತಿ ಅಂದೆ. ಕೆಟ್ಟದ್ದನ್ನ ಕೊಡ್ರಿ, ಎಲ್ಲೆರೆ ತೋರಸ್ತೀನಿ, ಒಂದು ಫೋಟೋ ಸಿಕ್ರೂ ಸಾಕು ಅಂತ ನೀ ಏಳೆಂಟು ಸಲ ಕೇಳಿದಿ. ಒಗದುಬಿಟ್ಟೆ ಅಂದೆ. ಒಗದಿರಲಿಲ್ಲವಾ, ಅಂಗಡಿ ಡ್ರಾವರನ್ಯಾಗ ಹಳೇ ರೀಲಿನ ಡಬ್ಬ್ಯಾಗ ಇತ್ತು. ಫೋಟೋ ಹೋತು ಅಂದ್ರ ನಸೀಬಾ ಅಂತಾರ, ಮಸಕಾತು ಅಂದ್ರ ಅಮಾತೆಪ್ಪ ಮುಗದ ಅಂತಾರ. ನನಗ ನಸೀಬದ ಹೆಸರು ಹೇಳೂದು ಸಸಾರ ಅನಿಸಿತು.

ಜೂನ್ ತಿಂಗಳದ್ದು ನಿನಗ ಹೇಳೂದೇನೈತಿ. ನಿಮ್ಮವ್ವನ ಪಿತ್ತಕೋಶದಾಗಿನ ಗಡ್ಡಿ ಪೂರಾ ಹಬ್ಬೈತಿ, ನಾಕು ತಿಂಗಳು ಮೊದಲ ಬಂದಿದ್ರ ಏನರೆ ಮಾಡಬಹುದಿತ್ತು ಅಂತ ಡಾಕ್ಟರು ಅಂದಾಗ ನೀ ನನ್ನ ಕಡೆ ತಿರುಗಿ, ಅವ್ವ ಒಂದಿನಾನೂ ನೋವು ಅಂದಿಲ್ಲೇನು ಅಂತ ಕೇಳಿದಿ. ಅಂದಿಲ್ಲ ಅಂದೆ. ಅದು ಖರೆ, ಬಸವಣ್ಣನ ಆಣಿ. ಗುರುಲಿಂಗವ್ವ ತನ್ನ ನೋವು ಬಾಯಿಲೆ ಹೇಳೂ ಹೆಣಮಗಳಾಗಿದ್ಲೇನು? ಆಕಿ ತೀರಿಕೊಂಡ ದಿನ ವಿಭೂತಿ ಹಚ್ಚಿ, ಹೊಸಾ ಸೀರಿ ಉಡಿಸಿ ಗ್ವಾಡಿಗೆ ಕುಂದ್ರಿಸಿದಾಗ ನಾ ಎಂದಿನಂಗ ಕ್ಯಾಮೆರಾ ತಗೊಂಡು ಎದುರಿಗೆ ನಿಂತೆ. ಗುಡೂರಿಂದ ಮರೋಳದ ತನಕಾ ಯಾರು ಲಿಂಗೈಕ್ಯ ಆದ್ರೂ ಕುಂದ್ರಿಸಿದ ಫೋಟೋಕ್ಕ ನನ್ನನ್ನ ಕರೀತಿದ್ರು, ಗದ್ದ ಹೆಂಗ ಎತ್ತಿ ಇಡಬೇಕು, ಮಕ್ಕಳನ್ನ ಎಲ್ಲಿ ನಿಂದರಸಬೇಕು, ಎಲ್ಲಾ ನನಗ ಗೊತ್ತು. ನೀ ಎದ್ದು ಬಂದು ಮಂದಿ ಎದುರಿಗೆ ನನ್ನ ಕೈ ಹಿಡದು ಇಳಿಸಿದಿ. ನೀವು ತೆಗಿಬ್ಯಾಡ್ರಿ, ಇದನ್ನರೆ ಉಳಿಸಿಕೊಡ್ರಿ ಅಂದಿ. ಜಲಾಲುದ್ದೀನ ಬಂದು ತೆಗದ. ಪಾಪ, ಅಂವ ಅಳಕೋತ ತೆಗದ. ನಾ ಬಾಗಲದಾಗ ನಿಂತಿದ್ದೆ. ಸಿಟ್ಟು ಬಂದಿತ್ತು ನನಗ, ಸುಳ್ಳ್ಯಾಕ ಹೇಳಲಿ. ಈಗ ಇಲ್ಲ. ಆವತ್ತಿಂದ ನೀ ಈ ಮನಿ ಮೆಟ್ಟಲಾ ಹತ್ತಿಲ್ಲ. ನಿಮ್ಮನಿ ಗ್ವಾಡಿಗೆ ಸತ್ತ ಅವ್ವನ ಫೋಟೋ ಒಂದ ಐತಿ ಅಂತ ಗೌತಮ ಅಂದ. ಮದುವ್ಯಾಗ ಮಂದಿ ಮೊಬೈಲಿನ್ಯಾಗ ತೆಗದದ್ದರಾಗೂ ಆಕಿ ಇಲ್ಲ. ಫೋಟೋಗ್ರಾಫರನ ಹೆಂಡ್ತಿ ಆಗಿ ಮೊಬೈಲ್ ಕಂಡಕೂಡ್ಲೆ ಮುಖಕ್ಕ ಸೆರಗು ಹಿಡಿಯಾಕಿ.

ಕಣ್ಣಿನ ಪಟ್ಟಿ ಬಿಚ್ಚಿ ವಾರ ಆದಮ್ಯಾಲೆ ಧೈರ್ಯ ಮಾಡಿ ಆ ಕಾರ್ಡ್ ಹಾಕಿ ನೋಡಿದೆ. ಅಲ್ಲೀತನಕ ಒಮ್ಮೆನೂ ನೋಡಿರಲಿಲ್ಲ. ನೀನೂ ಅಳಿಯಂದ್ರೂ ಹಬೆ ಹಿಡದ ಕನ್ನಡಿಯಾಗ ಕಂಡಂಗ ಅದೀರಿ. ನಾ ನಿಮ್ಮ ಮುಖದ ಮ್ಯಾಲೆ ಇಟ್ಟೀನಿ ಅಂದುಕೊಂಡ ಫೋಕಸ್ ಎರಡು ಮೊಳ ಹಿಂದ ಸರದು, ಅಲ್ಲಿ ಬಾಜೂಕ ನಿಂತ ನಿಮ್ಮವ್ವನ ಮ್ಯಾಲೆ ಕುಂತೈತಿ. ನಾ ನಿಮ್ಮನ್ನ ತೆಗಿಯಾಕತ್ತೀನಿ ಅಂದುಕೊಂಡಾಳ, ಕ್ಯಾಮೆರಾ ತನ್ನ ಕಡೆ ಐತಿ ಅಂತ ಆಕಿಗೆ ಗೊತ್ತಿಲ್ಲ. ಸೆರಗು ಹಿಡದಿಲ್ಲ. ಮೂಗುಬಟ್ಟಿನ ಹರಳು ಎಣಿಸಬಹುದು, ಅಷ್ಟು ಸ್ಪಷ್ಟ ಅದಾಳ. ನಿನ್ನ ನೋಡಿ ನಗಾಕತ್ತಾಳ. ಕಂಪ್ಯೂಟರಿನ ಮುಂದ ಕುಂತು ಎದಿ ಬಡಕೊಂಡು ಅತ್ತೆ ಐಶೂ, ಗಿರಾಕಿ ಬಂದವರು ಹೊಳ್ಳಿ ಹೋದ್ರು. ಅದರ ಒಂದು ಪ್ರಿಂಟ್ ಇದರ ಜೋಡಿ ಇಟ್ಟೀನಿ. ಗ್ವಾಡಿಗೆ ಇದನ್ನ ಹಾಕು. ಕೂಸು ಅಜ್ಜಿನ್ನ ನಗೂ ಮುಖದಾಗ ನೋಡಲಿ.

ಸುಳ್ಳು ಹೇಳಿದ್ದು ನಂದು ತಪ್ಪಾತು ಮಗಳ. ನಿನ್ನ ಸೀಮಂತದ ಕುಬಸಕ್ಕ ಹಸರು ಸೀರಿ ನೇಕಾರರ ಓಣ್ಯಾಗ ನೇಯಾಕ ಹಚ್ಚೀನಿ, ಟೋಪ್ ತೆನಿ ಸೆರಗಿಂದು. ಅವ್ವ ಇದ್ರ ಆಕೀನ ಆರಸ್ತಿದ್ಲು, ನನಗ ದಡಿಯ ಅಳತಿ ತಿಳಿಯಂಗಿಲ್ಲ, ತಪ್ಪಿದ್ರ ಬೈಯಬ್ಯಾಡ. ಅಳಿಯಂದ್ರಿಗೆ ನನ್ನ ಶರಣು ತಿಳಸು. ನಿನ್ನ ಹೊಟ್ಟ್ಯಾಗಿನ ಕೂಸಿಗೆ ನೂರು ವರ್ಷ ಆಯುಷ್ಯ ಇರಲಿ, ನನ್ನ ಹಟ ಮಾತ್ರ ಅದಕ್ಕ ಬರದಿರಲಿ.

ನಿನ್ನ ಅಪ್ಪ,
ಅಮಾತೆಪ್ಪ

ತಾ.ಕ.: ಲಕೋಟಿ ಅಂಟಸಾಕ ಹೋದ್ರ ಕೈ ಏಳವಲ್ದು. ಆ ಪ್ರಿಂಟ್ ಪೂರಾ ಫೋಟೋ ಅಲ್ಲವಾ, ಎದಿಮಟ ಕತ್ತರಿಸೀನಿ. ಹದಿನೇಳು ಫೋಟೋದಾಗ ನಿಮ್ಮವ್ವ ಸ್ಪಷ್ಟ ಅದಾಳ. ಹದಿನೇಳರಾಗೂ ಬಲಗೈ ಪಕ್ಕೆಲುಬಿನ ಕೆಳಗ ಒತ್ತಿ ಹಿಡದಾಳ. ಅಕ್ಕಿಕಾಳು ಎಡಗೈಲೆ ಒಗದಾಳ, ಮಗಳ ಮದುವ್ಯಾಗ, ಗುರುಲಿಂಗವ್ವ, ಎಡಗೈಲೆ. ಫೆಬ್ರವರ್ಯಾಗ ಈ ಕಾರ್ಡ್ ಕೊಟ್ಟಿದ್ರ ನೀ ಒಂದ ನೋಟಕ್ಕ ಆಕಿ ನೋವು ಹಿಡೀತಿದ್ದಿ. ಡಾಕ್ಟರು ಹೇಳಿದ ಆ ನಾಕು ತಿಂಗಳು ನನ್ನ ಡ್ರಾವರನ್ಯಾಗ ಇದ್ವು. ಕತ್ತರಿಸಿದ್ದನ್ನಷ್ಟ ಕಳಿಸಿ ಸುಮ್ಮನಾಗಬೇಕಂತ ಮಾಡಿದ್ದೆ, ಆಗವಲ್ದು. ಕಾರ್ಡ್ ಇದರಾಗ ಹಾಕೀನಿ. ಅಳಿಯಂದ್ರು ಮನ್ಯಾಗ ಇದ್ದಾಗ ನೋಡು, ಒಬ್ಬಾಕಿನ ನೋಡಬ್ಯಾಡ. ನೋಡಿದ ಮ್ಯಾಲೂ ಕುಬಸದ ಸೀರಿ ನಾ ತರಬಹುದು ಅನಿಸಿದ್ರ ಒಂದು ಫೋನ್ ಮಾಡು. ಅನಿಸದಿದ್ರ ಸೀರಿ ಗೌತಮನ ಕೈಯಾಗ ಕೊಟ್ಟು ಕಳಸ್ತೀನಿ.