ಬಾವಿಕಟ್ಟೆಯ ಮೇಲೆ ಗದಿಗೆಮ್ಮ

ಕೂಕಟ್‌ಪಲ್ಲಿ, ಹೈದರಾಬಾದ್
14 ಆಗಸ್ಟ್ 2005, ಭಾನುವಾರ

ಪ್ರೀತಿಯ ಭೀಮಣ್ಣಾ,

ಹೇಗಿದ್ದೀ? ಮಸ್ಕತ್ತಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುವುದು ನಿಂತಿತೇ? ಮೂರು ವಾರವಾಯಿತು, ನಿನ್ನ ಫೋನಿಲ್ಲ. ಶುಕ್ರವಾರ ಬಂತೆಂದರೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಫೋನಿನ ಪಕ್ಕದಲ್ಲಿ ಕೂರುತ್ತಾಳೆ. ಅತ್ತ ಸಾಫ್ಟ್‌ವೇರ್ ಹುಡುಗರ ಹಾಸ್ಟೆಲ್ಲಿನವರು ರೊಟ್ಟಿ ಎಲ್ಲಿ ಎಂದು ಬಾಗಿಲು ಬಡಿಯುತ್ತಾರೆ. ಅಪ್ಪ ಅದೇ ಹುಡುಗರನ್ನು ಕಂಪನಿ ಗಾಡಿಯಲ್ಲಿ ಹೈಟೆಕ್ ಸಿಟಿಗೆ ಬಿಟ್ಟು ಬರುತ್ತಾನೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ಅವರ ಬಯೋಡಾಟಾ ಪ್ರತಿ ತೆಗೆಯುತ್ತೇನೆ. ಒಟ್ಟಿನಲ್ಲಿ ಮನೆಮಂದಿಯೆಲ್ಲ ಸಾಫ್ಟ್‌ವೇರಿನಲ್ಲೇ ಇದ್ದೇವೆ ಎಂದುಕೋ.

ನಿನ್ನ ರೂಮಿನ ಕಲ್ಯಾಣಪ್ಪ ರಜೆಗೆ ಬಂದವನು ಕಾಚಿಗೂಡದಲ್ಲಿ ರೈಲು ಹತ್ತುವ ಮೊದಲು ನೀನು ಕಳಿಸಿದ ಪೊಟ್ಟಣ ಕೊಟ್ಟು ಹೋದ. “ನಾ ಹೊಂಡೋ ದಿನ ಭೀಮ ಆರಾಮ ಇದ್ದರೀ” ಎಂದ. ನಾವು ಚಿಕ್ಕವರಿದ್ದಾಗ ಅಂಗೈಯಲ್ಲಿ ಹಿಡಿದು ಆಡುತ್ತಿದ್ದ ಪ್ರಾಣಿ ಹಿಡಿಯುವ ವಿಡಿಯೋ ಗೇಮನ್ನು ಹೊಸದಾಗಿ ಮಾಡಿದ್ದಾರೆ, ಆಡಿ ನೋಡಿ ಹೇಗಿದೆ ಬರಿ ಎಂದು ಚೀಟಿ ಇಟ್ಟಿದ್ದೆಯಲ್ಲ, ಕೇಳು. ಅರ್ಧ ಹಾಳು ಮಾಡಿದ್ದಾರೆ! ಹಳೆಯದರಲ್ಲಿ ಬೂದು ಪರದೆಯ ಮೇಲೆ ನಾಲ್ಕು ಕಪ್ಪು ಚುಕ್ಕೆ ಕಂಡರೆ ಹುಲಿ ಬಂತೆಂದು ಚೀರುತ್ತಿದ್ದೆವು. ಇದರಲ್ಲಿ ಬಣ್ಣವೋ ಬಣ್ಣ, ಹುಲಿಯೂ ಮದುವೆಗೆ ಹೊರಟಂತಿದೆ. ಹೆಜ್ಜೆಗೊಬ್ಬ ಎದುರಾಗಿ ಈ ಗುಂಡಿ ಒತ್ತು, ಆ ಕಡೆ ಹೋಗು ಎನ್ನುತ್ತಾನೆ. ನಮಗೇನು ಬುದ್ಧಿಯಿಲ್ಲವೇ? ಗವಿಯಲ್ಲಿ ದಾರಿ ತಪ್ಪಿ ಎರಡು ದಿನ ಜಗಳವಾಡಿದ್ದೆವಲ್ಲ, ಆ ಸುಖವೇ ಇಲ್ಲ. ಹೊಸದಾಗಿ ಒಂದನ್ನು ಮಾತ್ರ ಸೇರಿಸಿದ್ದಾರೆ. ಕೋಟೆಯ ಹಿಂದಿನ ಹಾಳುಬಾವಿ ಮೊದಲು ಬರೀ ಚಿತ್ರವಾಗಿತ್ತು. ಈಗ ನಾವು ಬೇಡವೆಂದು ಬಿಟ್ಟ ಪ್ರಾಣಿಗಳು ಅದರ ಕಟ್ಟೆಯ ಮೇಲೆ ಬಂದು ಕೂರುತ್ತವೆ. ಹತ್ತಿರ ಹೋದರೆ “ಮರಳಿ ಕರೆಯಲೇ?” ಎಂದು ಆಟವೇ ಕೇಳುತ್ತದೆ.

ಇನ್ನು ಮುಂದಿನದನ್ನು ಓದಿ ಸಿಟ್ಟು ಮಾಡಬೇಡ. ಹಳೆಯ ಆಟದಲ್ಲಿ ಹಿಡಿದ ಪ್ರಾಣಿಗಳಿಗೆಲ್ಲ ನೀನು ಮನೆಯವರ ಹೆಸರಿಟ್ಟಿದ್ದೆ. ನಿಧಾನವಾಗಿ ನಡೆಯುವ ಎಮ್ಮೆಯಂಥದಕ್ಕೆ ಅಜ್ಜಿಯ ಹೆಸರು. ಕಾಳಗಕ್ಕೆ ಉಪಯೋಗವಿಲ್ಲವೆಂದು ಅದನ್ನು ಬಿಡುವಾಗ “ಗದಿಗೆಮ್ಮಾ, ಹೋಗಿನ್ನ” ಎಂದೆ. ನಮ್ಮ ಮನೆಯಲ್ಲಿ ಬಳೆಗಾರನಿಗೂ ಹೋಗಿ ಬಾ ಎನ್ನುತ್ತೇವೆಯೇ ಹೊರತು ಹೋಗು ಎನ್ನುವುದಿಲ್ಲ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ನಕ್ಕು, “ಹೋಗಂದ್ಯಲ್ಲೋ ನನ ಮಗನ, ಬಾ ಅನ್ಲೇ ಇಲ್ಲ” ಎಂದಳು. ಐದನೆಯ ದಿನ ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ತೀರಿಹೋದಳು. ನಾನೇ ಕಳಿಸಿದೆ ಎಂದು ನೀನು ಗೋಡೆಗೆ ತಲೆ ಚಚ್ಚಿಕೊಂಡದ್ದು ನನಗೆ ನೆನಪಿದೆ. ಮಸ್ಕತ್ತಿಗೆ ಹೋಗಿ ನಾಲ್ಕು ವರ್ಷವಾದರೂ ಒಮ್ಮೆಯೂ ಮನೆಗೆ ಬಾರದಿರುವುದು ರಜೆ ಸಿಗದೆ ಅಲ್ಲ ಎಂಬುದೂ ಗೊತ್ತಿದೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಆಡುತ್ತಾ ಬಾವಿಯ ಹತ್ತಿರ ಹೋದೆ. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಏನೋ ಕುಳಿತಿತ್ತು. ನಾನು ಇನ್ನೂ ಒಂದು ಪ್ರಾಣಿಯನ್ನೂ ಬಿಟ್ಟಿಲ್ಲ, ಯಾವುದಕ್ಕೂ ಹೆಸರಿಟ್ಟಿಲ್ಲ. ಹತ್ತಿರ ಹೋದರೆ ಗದಿಗೆಮ್ಮ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಮೂಡಿತು. ಅಯ್ಯೋ ಶಿವನೇ! ನೀನು ಮೊದಲೇ ಆಡಿ ಕಳಿಸಿದೆಯೋ ಎಂದರೆ, ಡಬ್ಬಿಯ ಸೀಲು ಒಡೆದವಳು ನಾನೇ. ಹೆದರಿಕೆಯಲ್ಲೇ ಹೌದು ಒತ್ತಿದೆ. ಅಂದಿನಿಂದ ಅದು ನನ್ನ ಹಿಂದೆಯೇ ಬರುತ್ತಿದೆ. ಪ್ರತಿ ಹೊಸ್ತಿಲಿಗೂ ತುಸು ನಿಲ್ಲುತ್ತದೆ. ಮಂಡಿ ನೋವಿಗೆ ಅಜ್ಜಿ ಬಾಗಿಲು ಹಿಡಿದು ನಿಲ್ಲುತ್ತಿದ್ದಳಲ್ಲ, ಅಷ್ಟೇ ಹೊತ್ತು. ಅವ್ವನಿಗೆ ತೋರಿಸಿದೆ. ಹಿಟ್ಟಿನ ಕೈಯಲ್ಲೇ ಪರದೆ ಸವರಿ, “ತಿರುಗಿ ಬಂದಾಳಂದ್ರ ಆಕಿಗೆ ಸಿಟ್ಟಿಲ್ಲ. ಭೀಮಗ ಬರದು ತಿಳಸು, ಮನಿಗಿ ಬಾ ಅನ್ನು” ಎಂದು ಅತ್ತಳು. ಅದಕ್ಕೇ ಈ ಕಾಗದ. ಸಾಕಣ್ಣಾ, ಬಂದುಬಿಡು. ನಿನ್ನ ತಪ್ಪೇನೂ ಇಲ್ಲ.

ಅಪ್ಪ ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆಂದು ತಿಳಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ರೇಣುಕಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆಟ ತೆರೆದೆ. ಕಟ್ಟೆಯ ಮೇಲೆ ಇನ್ನೊಂದು ಕುಳಿತಿದೆ, ಅದಕ್ಕೆ ನಿನ್ನ ಹೆಸರಿದೆ. ನಾನು ಬಿಟ್ಟಿಲ್ಲ ಅಣ್ಣಾ, ಆಣೆ ಮಾಡಿ ಹೇಳುತ್ತೇನೆ. ಕರೆಯಲೇ ಎಂದು ಕೇಳಿದಾಗಲೆಲ್ಲ ಹೌದು ಒತ್ತುತ್ತಿದ್ದೇನೆ, ಏಳುತ್ತಿಲ್ಲ. ಅವ್ವನಿಗೆ ಹೇಳಿಲ್ಲ. ಅಮರಯ್ಯನ ಎಸ್‌ಟಿಡಿ ಬೂತಿನಿಂದ ನಿನ್ನ ಕಂಪನಿಗೆ ಎರಡು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಈ ಕಾಗದ ಸಿಕ್ಕ ಗಳಿಗೆಯಲ್ಲೇ ಮಾತಾಡು, ಬೈದರೂ ಸರಿ. ಇಷ್ಟು ಹೊತ್ತು ನನ್ನ ಹಿಂದಿದ್ದ ಅಜ್ಜಿ ಈಗ ಹೋಗಿ ನಿನ್ನ ಪಕ್ಕದಲ್ಲಿ ಕುಳಿತಿದ್ದಾಳೆ.