ಅಕ್ಕನ ಎರಡನೆಯ ಹಾಳೆ

ಕಾರ್ಖಾನೆಯ ಆಫೀಸು ಕೋಣೆ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಕ್ಕಾ,

ಕೈಯ ಸುಟ್ಟ ಗಾಯ ಹೇಗಿದೆ? ಪಟ್ಟಿ ಬದಲಿಸುವಾಗ ಈಗಲೂ ಉರಿಯುತ್ತದೆಯೇ? ಚಿಕ್ಕಮ್ಮನ ಮನೆಯಲ್ಲಿ ಸುಮ್ಮನೆ ಕೂರುವವಳಲ್ಲ ನೀನು. ಪಾತ್ರೆ ಮುಟ್ಟಿದ್ದು ಗೊತ್ತಾದರೆ ನೋಡು ಮತ್ತೆ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಕಾರ್ಖಾನೆಯ ಡಾಕ್ಟರಮ್ಮ ಆರೋಗ್ಯದ ಪ್ರಶ್ನೆಗಳ ಹಾಳೆ ತಂದಿದ್ದರಲ್ಲ, ಹದಿನೈದು ದಿನ ಬಿಟ್ಟು ಅದನ್ನೇ ಮತ್ತೆ ತುಂಬಿಸಿದಾಗ ನೀವೆಲ್ಲ ನಕ್ಕಿದ್ದಿರಿ. ಎರಡು ಸಲವೂ ಒಂದೇ ಉತ್ತರ ಬಂದರೆ ಆ ಪ್ರಶ್ನೆಗಳನ್ನು ನಂಬಬಹುದು ಎಂಬುದು ಅವರ ಲೆಕ್ಕಾಚಾರ. ಹಾಳೆಗಳನ್ನು ತಾಳೆ ನೋಡುವ ಕೆಲಸ ನನ್ನದಾಗಿತ್ತು. ಮೊದಲ ಸಲ ನಿನ್ನ ಇಸ್ತ್ರಿ ಮೇಜಿನ ಪಕ್ಕ ಮೇಸ್ತ್ರಿ ನಿಂತಿದ್ದ. ಬೆರಳು ಜೋಮು ಹಿಡಿಯುತ್ತದೆಯೇ ಎಂಬುದಕ್ಕೆ ನೀನು 'ಇಲ್ಲ' ಎಂದು ಗುರುತು ಹಾಕಿದ್ದೆ. ಎರಡನೆಯ ಸಲ ಅವನಿರಲಿಲ್ಲ, ನೀನು 'ಹೌದು' ಎಂದಿದ್ದೆ. ಬೇರೆಯವರದ್ದೂ ಅಲ್ಲಲ್ಲಿ ತಾಳೆಯಾಗಿರಲಿಲ್ಲ, ಹಾಗೇ ಬಿಟ್ಟೆ. ನಿನ್ನದು ಕಂಡಾಗ ಮಾತ್ರ ಸಿಟ್ಟು ಬಂತು. "ಕ್ಲರ್ಕಮ್ಮನ ಅಕ್ಕನಿಗೇ ನೆಟ್ಟಗೆ ತುಂಬೋಕೆ ಬರಲ್ಲ" ಎಂದು ಜನ ಆಡಿಕೊಳ್ಳುತ್ತಾರೆ ಅಂದುಕೊಂಡೆ. ರಬ್ಬರಿನಿಂದ ಅಳಿಸಿ 'ಇಲ್ಲ' ಮಾಡಿದೆ. ಹಾಳೆಗಳು ಅಚ್ಚುಕಟ್ಟಾಗಿವೆ ಎಂದು ಡಾಕ್ಟರಮ್ಮ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ.

ತಿಂಗಳು ಕಳೆದಿರಲಿಲ್ಲ, ಬೆರಳು ಜೋಮು ಹಿಡಿದು, ಹಿಡಿತ ತಪ್ಪಿ ಇಸ್ತ್ರಿಪೆಟ್ಟಿಗೆ ನಿನ್ನ ಎಡಗೈ ಮೇಲೇ ಬಿತ್ತು. ಈಗ ಮ್ಯಾನೇಜರು ಎರಡೂ ಹಾಳೆ ಹಿಡಿದುಕೊಂಡು, "ಏನೂ ತೊಂದರೆ ಇಲ್ಲ ಅಂತ ಅವಳೇ ಎರಡೆರಡು ಸಲ ಬರೆದಿದ್ದಾಳೆ, ಇದು ಬರೀ ಉಡಾಫೆ" ಎಂದು ನಿನ್ನನ್ನು ಕೆಲಸದಿಂದ ತೆಗೆಯಲು ಹೊರಟಿದ್ದಾರೆ. ಮೊನ್ನೆ ನೀನು ಫೋನಿನಲ್ಲಿ, "ನಂಗೇ ಮರೆತು ಹೋಗಿರ್ಬೇಕು ಕಣೆ, ತಪ್ಪು ಗುರುತು ಹಾಕಿರ್ತೀನಿ" ಎಂದೆಯಲ್ಲ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಊರೆಲ್ಲ ಕೇಳುವಂತೆ ಹರಟುವವಳು, ಹೇಳಬೇಕಾದ ಒಂದು ಮಾತು ಹೇಳಲಿಲ್ಲ. ನಾಚಿಕೆಯಾಗುತ್ತದೆ ಅಕ್ಕಾ. ನೀನು ತಪ್ಪು ಬರೆದಿರಲಿಲ್ಲ.

ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಈ ಕಾಗದವನ್ನೂ ಬೇಕಾದರೆ ಓದಿ ಹೇಳು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಕಾಗದ ಮಡಚುವ ಮೊದಲು ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿ ಬಂದೆ. ಎರಡನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನೀನು 'ಹೌದು' ಎಂದು ಪೆನ್ಸಿಲ್ ಒತ್ತಿದ್ದು ಇನ್ನೂ ಕಾಣುತ್ತದೆ. ಶನಿವಾರ ಅವರೂ ಮ್ಯಾನೇಜರೂ ನಿನ್ನ ಬಳಿ ಬರುತ್ತಾರೆ. ನನ್ನ ಕೆಲಸ ಹೋಗಬಹುದು, ಹೋಗಲಿ. ಚಿಕ್ಕಂದಿನಿಂದ ನನ್ನ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿಕೊಂಡು ಬೈಸಿಕೊಂಡವಳು ನೀನು. ಈ ಸಲ ಬೇಡ. ಅವರು ಕೇಳಿದಾಗ, 'ಹೌದು' ಎಂದೇ ಬರೆದಿದ್ದೆ ಅನ್ನು.