ಹತ್ತಿ ಅಂಟಿದ ಜಿರಳೆ

ಮಂಗಳವಾರ, ಮಧ್ಯಾಹ್ನದ ಬಿಡುವು
ಹೋಟೆಲಿನ ಬಟ್ಟೆ ಕೋಣೆ

ನನ್ನ ಒಬ್ಬಳೇ ಅಕ್ಕನಿಗೆ ನಿನ್ನ ಸಣ್ಣಿಯ ನಮಸ್ಕಾರಗಳು.

ಪತ್ರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ, ನಾನು ಗಟ್ಟಿಮುಟ್ಟಾಗಿಯೇ ಇದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಒಂದು ಮಾತನ್ನು ಪೂರ್ತಿ ಹೇಳಿ ಮುಗಿಸಿದವರು ಇನ್ನೂ ಹುಟ್ಟಿಲ್ಲ, ಜೊತೆಗೆ ಭಾವ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ಅದಕ್ಕೇ ನಿನ್ನ ಆಫೀಸಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಮಾತ್ರ ಬಿಚ್ಚಬೇಡ. ಇದರಲ್ಲಿರುವುದು ತಿನ್ನುತ್ತಾ ಓದುವಂಥದ್ದಲ್ಲ.

ನಾನು ಹೋಟೆಲಿನಲ್ಲಿ ಮ್ಯಾನೇಜರ್ ಎಂದು ನೀನು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಇರಲಿ, ಕೇಳುವುದಕ್ಕೆ ಚೆನ್ನಾಗಿದೆ. ನಿಜವಾಗಿ ನಾನು ಮಾಡುವುದು ಕ್ಷಮೆ ಕೇಳುವ ಕೆಲಸ. ಸೂಪು ತಣ್ಣಗಿದ್ದರೆ ನಾನು, ಚಮಚದ ಮೇಲೆ ಕಲೆಯಿದ್ದರೆ ನಾನು, ಗಿರಾಕಿಯ ಮಗು ತಾನಾಗಿಯೇ ಕುರ್ಚಿಯಿಂದ ಉರುಳಿದರೂ ನಾನೇ. ಕರಿ ಕೋಟು ಹಾಕಿಕೊಂಡು, ಕೈ ಮುಂದೆ ಕಟ್ಟಿಕೊಂಡು, ಸೊಂಟ ಸ್ವಲ್ಪ ಬಾಗಿಸಿ, ತಪ್ಪಾಯಿತು ಸರ್ ಅನ್ನಬೇಕು. ಎಷ್ಟು ಬಾಗಬೇಕು ಎಂಬುದನ್ನೂ ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದಾರೆ. ಕಡಿಮೆ ಬಾಗಿದರೆ ಕೊಬ್ಬು ಅನ್ನುತ್ತಾರೆ, ಹೆಚ್ಚು ಬಾಗಿದರೆ ಅಣಕ ಅನ್ನುತ್ತಾರೆ. ಅಡುಗೆಮನೆಯವರೆಲ್ಲ ನನ್ನನ್ನು ಸಾರಿ ಮೇಡಂ ಎಂದೇ ಕರೆಯುತ್ತಾರೆ, ನನ್ನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿಲ್ಲ.

ಉಣ್ಣುವ ಮನುಷ್ಯರನ್ನು ಕಂಡರೆ ನನಗೆ ಹೇಸಿಗೆ ಹುಟ್ಟಿ ಬಹಳ ಕಾಲವಾಯಿತು ಅಕ್ಕ. ಪ್ರತಿ ವಾರ ಬರುವ ಒಬ್ಬ ದೊಡ್ಡ ಮನುಷ್ಯರಿದ್ದಾರೆ, ಟೈ ಕಟ್ಟಿಕೊಂಡೇ ಬರುತ್ತಾರೆ. ಊಟ ಮುಗಿದ ಮೇಲೆ ಹಲ್ಲುಕಡ್ಡಿ ತೆಗೆದುಕೊಂಡು ಮೊದಲು ಹಲ್ಲು, ಆಮೇಲೆ ಕಿವಿ ಕೆದಕಿ, ಅದನ್ನು ಜೋಪಾನವಾಗಿ ಮತ್ತೆ ಡಬ್ಬಿಗೇ ಸೇರಿಸಿ ಹೋಗುತ್ತಾರೆ. ಒಬ್ಬ ತಾಯಿ ಮಗುವಿನ ಡೈಪರನ್ನು ಊಟದ ಮೇಜಿನ ಮೇಲೇ ಬದಲಿಸಿ, ಹಳೆಯದನ್ನು ಮಡಚಿ ಸೂಪಿನ ಬಟ್ಟಲಿನಲ್ಲಿಟ್ಟು ಎದ್ದು ಹೋದಳು. ಬಟ್ಟಲು ಎತ್ತಿದ ಹೆಂಗಸು ಆ ದಿನ ನೀರು ಕೂಡ ಕುಡಿಯಲಿಲ್ಲ. ಕೈ ತೊಳೆಯಲು ಕೊಟ್ಟ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಅಲ್ಲೇ ಉಗುಳುವವರಿದ್ದಾರೆ. ನಾಯಿಯನ್ನು ಕರೆದ ಹಾಗೆ ಚಿಟಿಕೆ ಹೊಡೆದು ಕರೆಯುವವರಂತೂ ಲೆಕ್ಕಕ್ಕೇ ಇಲ್ಲ. ಇವರೆಲ್ಲರ ಮುಂದೆಯೂ ನಾನು ಬಾಗುತ್ತೇನೆ. ಮನೆಗೆ ಬಂದು ಬಿಸಿನೀರಿನಲ್ಲಿ ಮೈ ಉಜ್ಜಿಕೊಂಡರೆ ಹೋಗುತ್ತದೆ. ಭಾನುವಾರ ಕಂಡದ್ದು ಉಜ್ಜಿದರೂ ಹೋಗುತ್ತಿಲ್ಲ, ಅದಕ್ಕೇ ಈ ಪತ್ರ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿ, ಹೊರಗೆ ಜನ ಕಾಯುತ್ತಿದ್ದರು. ಕಿಟಕಿ ಪಕ್ಕದ ದೊಡ್ಡ ಮೇಜಿನಿಂದ ಒಂದು ಮಗು ಕಿಟಾರನೆ ಕಿರುಚಿತು. ನಾನು ಓಡಿದೆ. ಅಣಬೆ ಗ್ರೇವಿಯ ಬಟ್ಟಲಿನ ನಟ್ಟನಡುವೆ ಒಂದು ಜಿರಳೆ ಬಿದ್ದಿತ್ತು. ಮೇಜಿನವರೆಲ್ಲ ಎದ್ದು ನಿಂತಿದ್ದರು. ಒಬ್ಬರು ಆಗಲೇ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು, ಇನ್ನೊಬ್ಬರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ ಹಾಕಿಕೊಂಡು ಕೂಗಾಡುತ್ತಿದ್ದವರು ನಮ್ಮ ಭಾವ. ಅಳುತ್ತಿದ್ದದ್ದು ನಿನ್ನ ಮಗಳು ಪುಟ್ಟಿ.

ನಾನು ಈ ಹೊಸ ಹೋಟೆಲಿಗೆ ಬಂದದ್ದು ನಿಮಗೆ ಗೊತ್ತಿರಲಿಲ್ಲ. ಹಳೆಯ ಕಡೆಯೇ ಇದ್ದೇನೆಂದು ನೀವು ತಿಳಿದಿದ್ದಿರಿ, ನಾನೂ ಹೇಳಿರಲಿಲ್ಲ. ಭಾವ ತಮಗೆ ಬಡ್ತಿ ಸಿಕ್ಕಿದ್ದಕ್ಕೆ ಊಟ ಹಾಕಿಸುತ್ತೇನೆಂದು ಆಫೀಸಿನವರನ್ನೆಲ್ಲ ಅವರವರ ಸಂಸಾರ ಸಮೇತ ಕರೆತಂದಿದ್ದರು. ನಿನಗೆ ನೆಗಡಿ, ಮನೆಯಲ್ಲೇ ಉಳಿದಿದ್ದೀಯ ಎಂದು ಆಮೇಲೆ ತಿಳಿಯಿತು. ಹೋದ ಹೋಟೆಲಿನಲ್ಲೆಲ್ಲ ನಮ್ಮ ಮನೆಯವರಿಗೆ ಎಂಥ ಮರ್ಯಾದೆ ಗೊತ್ತಾ, ಬಿಲ್ಲೇ ತಗೊಳ್ಳೋದಿಲ್ಲ ಎಂದು ನೀನು ಎಷ್ಟು ಸಲ ಹೇಳಿದ್ದೀಯ. ಆ ಮರ್ಯಾದೆ ಹೇಗೆ ಸಿಗುತ್ತದೆ ಎಂದು ಭಾನುವಾರ ಕಣ್ಣಾರೆ ಕಂಡೆ.

ಹುಳ ಸಿಕ್ಕಿತೆಂದರೆ ನಮ್ಮಲ್ಲಿ ಒಂದು ಕ್ರಮವಿದೆ. ವಾದ ಮಾಡುವಂತಿಲ್ಲ. ಬಟ್ಟಲಿನ ಮೇಲೆ ಬಿಳಿ ಬಟ್ಟೆ ಮುಚ್ಚಿ ಎತ್ತಬೇಕು, ಬಾಗಬೇಕು, ಇಡೀ ಮೇಜಿನ ಬಿಲ್ಲನ್ನು ಅವರ ಕಣ್ಣೆದುರೇ ಹರಿಯಬೇಕು, ಮಕ್ಕಳು ಅಳುತ್ತಿದ್ದರೆ ಕೈ ಹಿಡಿದು ಐಸ್‌ಕ್ರೀಂ ಕಡೆಗೆ ಕರೆದುಕೊಂಡು ಹೋಗಬೇಕು. ನಾನು ಬಾಗಿದೆ. ತಲೆ ಎತ್ತಿದಾಗ ಭಾವನಿಗೆ ನನ್ನ ಗುರುತು ಹತ್ತಿತು. ಬಾಯಿ ಅರ್ಧಕ್ಕೇ ನಿಂತಿತು. ಇನ್ನೇನು ಸುಮ್ಮನಾಗುತ್ತಾರೆ ಅಂದುಕೊಂಡರೆ ದನಿ ಇನ್ನೂ ಏರಿತು. ಇದೇನ್ರೀ, ಮಕ್ಕಳಿಗೆ ಜಿರಳೆ ತಿನ್ನಿಸ್ತೀರೇನ್ರೀ ಎಂದರು. ಹೆಂಡತಿಯ ತಂಗಿಗೆ ಇಷ್ಟೊಂದು ಬಹುವಚನ ಕೊಟ್ಟು ಅವರು ಮಾತಾಡಿದ್ದು ಅದೇ ಮೊದಲು.

ಪುಟ್ಟಿಯನ್ನೂ ಬಟ್ಟಲನ್ನೂ ತೆಗೆದುಕೊಂಡು ಪರದೆಯ ಹಿಂದಿನ ಕೈ ತೊಳೆಯುವ ಜಾಗಕ್ಕೆ ಬಂದೆ. ಜಿರಳೆಯನ್ನು ಕಾಗದದಿಂದ ಎತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಕುದಿಯುವ ಗ್ರೇವಿಯಲ್ಲಿ ಬೆಂದ ಹುಳ ಪುಡಿಯಾಗುವುದಿಲ್ಲ ಅಕ್ಕ, ಅಷ್ಟು ಯಾರಿಗಾದರೂ ಗೊತ್ತು. ಅದರ ಕಾಲಿಗೆ ಚೂರು ಹತ್ತಿ ಅಂಟಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ, ಪುಟ್ಟಿ ಕಣ್ಣೊರೆಸಿಕೊಂಡು ಚಿಕ್ಕಮ್ಮಾ ಎಂದು ನನ್ನ ಸೊಂಟ ತಬ್ಬಿಕೊಂಡಳು. ಆ ಹತ್ತಿ ಅಪ್ಪನ ಮಾತ್ರೆ ಡಬ್ಬೀದು ಎಂದು ತಾನಾಗಿಯೇ ಹೇಳಿದಳು. ಹತ್ತಿಯೊಳಗೆ ಇಟ್ಟರೆ ಕಾಲು ಮುರಿಯೋದಿಲ್ಲವಂತೆ. ದೊಡ್ಡವರು ಹರಟೆ ಹೊಡೀತಿರುವಾಗ ಮೆಲ್ಲಗೆ ಬಟ್ಟಲಿಗೆ ಬಿಡೋದು ಅವಳ ಕೆಲಸವಂತೆ. ಹೋದ ಸಲ ನೊಣ ಇತ್ತು ಚಿಕ್ಕಮ್ಮ, ನೊಣಕ್ಕೆ ಯಾರೂ ಹೆದರಲ್ಲ ಅಂತ ಅಪ್ಪ ಈ ಸಲ ಇದನ್ನ ತಂದ್ರು ಎಂದಳು. ಬೆರಳಲ್ಲಿ ಮುಟ್ಟುವುದಕ್ಕೆ ಹೇಸಿಗೆ ಆಗಲಿಲ್ಲವೇ ಎಂದು ಕೇಳಿದೆ. ಮೊದಮೊದಲು ಆಗ್ತಿತ್ತು, ಈಗ ಅಭ್ಯಾಸ ಆಗಿದೆ ಎಂದಳು. ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ತೂರಿಸಿಕೊಂಡು, ಎರಡನೇ ತರಗತಿಯ ಕೂಸು ಹೇಳುವ ಮಾತು ಇದು.

ಆಗಲೇ ಹೊರಗೆ ಹೋಗಿ ಭಾವನ ಜೇಬಿನಿಂದ ಡಬ್ಬಿ ಕಿತ್ತು ಎಲ್ಲರಿಗೂ ತೋರಿಸಬಹುದಿತ್ತು. ಆದರೆ ಹುಳ ಹಾಕಿದ ಕೈ ಪುಟ್ಟಿಯದು. ಅಷ್ಟು ಜನ, ಅಷ್ಟು ಫೋನುಗಳು. ಅವಳ ಮುಖ ಮರುದಿನ ಊರೆಲ್ಲ ಓಡಾಡುತ್ತಿತ್ತು. ನಾನು ಅವಳ ಕೈಗೆ ಸೋಪು ಹಚ್ಚಿ ಉಗುರಿನ ಸಂದಿಯನ್ನೆಲ್ಲ ತೊಳೆದೆ, ಐಸ್‌ಕ್ರೀಂ ಕೊಡಿಸಿದೆ, ಹತ್ತಿ ಸಮೇತ ಹುಳವನ್ನು ಕಸಕ್ಕೆ ಹಾಕಿ ಬಾಯಿಗೆ ಬೀಗ ಹಾಕಿಕೊಂಡೆ.

ಹೋಗುವಾಗ ಆಫೀಸಿನವರು ಭಾವನ ಬೆನ್ನು ತಟ್ಟುತ್ತಿದ್ದರು, ಹೀಗೆ ದಬಾಯಿಸಿ ಕೇಳೋರು ಬೇಕು ಅನ್ನುತ್ತಿದ್ದರು. ಅಷ್ಟರಲ್ಲಿ ಗ್ರೇವಿ ಬಟ್ಟಲೊಂದನ್ನು ಬಿಟ್ಟು ಮೇಜಿನ ಮೇಲಿದ್ದದ್ದನ್ನೆಲ್ಲ ಅವರು ಗೋರಿಕೊಂಡು ತಿಂದು ಮುಗಿಸಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ಬಾಗಿಲ ಹತ್ತಿರ ಭಾವ ಒಂದು ಹೆಜ್ಜೆ ಹಿಂದೆ ಉಳಿದು ನನ್ನ ಕಿವಿಯ ಹತ್ತಿರ ಬಾಗಿದರು. ನೀನಿಲ್ಲಿರೋದು ಗೊತ್ತಿರ್ಲಿಲ್ಲಮ್ಮ, ಮನೇಲಿ ಹೇಳಕ್ಕೆ ಹೋಗ್ಬೇಡ, ಇಂಥ ಕೊಳಕು ಜಾಗದಲ್ಲಿ ತಂಗಿ ದುಡೀತಾಳೆ ಅಂದ್ರೆ ನಿಮ್ಮಕ್ಕ ನೊಂದ್ಕೋತಾಳೆ ಎಂದರು. ಬಾಯಿಂದ ನಮ್ಮದೇ ಸೋಂಪಿನ ವಾಸನೆ ಬರುತ್ತಿತ್ತು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ, ಅಂದಿನಿಂದ ಸೋಂಪಿನ ಬಟ್ಟಲು ಇಡುವ ಕಡೆಗೆ ಹೋಗಲು ನನಗೆ ಆಗುತ್ತಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಉಗುಳು ನುಂಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆ ಗ್ರೇವಿ ಮಾಡಿದ್ದು ಸೌಟಣ್ಣ. ನಮ್ಮ ದೊಡ್ಡ ಅಡುಗೆಯವರು, ಕೈಯಲ್ಲಿ ಸೌಟಿಲ್ಲದೆ ಯಾರೂ ಅವರನ್ನು ನೋಡಿಲ್ಲ, ಅದಕ್ಕೇ ಆ ಹೆಸರು. ಒಳ್ಳೆಯ ಮನುಷ್ಯ ಎಂದು ನಾನು ಸರ್ಟಿಫಿಕೇಟ್ ಕೊಡುವುದಿಲ್ಲ. ಬಾಯಿ ಬಚ್ಚಲು, ಸಿಟ್ಟು ಬಂದರೆ ಪಾತ್ರೆ ಎಸೆಯುತ್ತಾರೆ, ನನ್ನನ್ನೂ ಎರಡು ಸಲ ಅಳಿಸಿದ್ದಾರೆ. ಆದರೆ ಅವರ ಅಡುಗೆಮನೆಯ ನೆಲದ ಮೇಲೆ ಅನ್ನ ಹಾಕಿಕೊಂಡು ತಿನ್ನಬಹುದು. ವಿಡಿಯೋ ಸಂಜೆಯ ಹೊತ್ತಿಗೆಲ್ಲ ಹರಡಿತು. ಮಾಲೀಕರು ಅವರನ್ನು ಆಗಲೇ ಕೆಲಸದಿಂದ ತೆಗೆದರು. ಸೌಟಣ್ಣ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೋದರು.

ನಿನ್ನೆ ಅವರ ಮನೆಗೆ ಹೋಗಿದ್ದೆ. ಅಕ್ಕ, ಆ ಮನುಷ್ಯ ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದಾರೆ. ನನ್ನ ಕಣ್ಣಿಗೆ ಏನೋ ಆಗಿದೆ, ಅಷ್ಟು ದೊಡ್ಡ ಹುಳ ಕಾಣದೆ ಹೋಯ್ತಲ್ಲ ಅನ್ನುತ್ತಾ ಕೂತಿದ್ದಾರೆ. ನಿನ್ನೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರಂತೆ, ಡಾಕ್ಟರು ಏನೂ ಇಲ್ಲ ಅಂದರೆ ಅವರ ಮೇಲೂ ಅನುಮಾನ. ಭಾನುವಾರ ರಾತ್ರಿಯಿಂದ ಹೆಂಡತಿ ಬಡಿಸಿದ ಅನ್ನವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಲ್ಲಿ ಕೆದಕಿ ಕೆದಕಿ ನೋಡುತ್ತಾರೆ, ಆಮೇಲೆ ತಿನ್ನದೆ ಎದ್ದು ಹೋಗುತ್ತಾರೆ. ಬೇರೆ ಹೋಟೆಲಿನವರು ಕರೆದರೂ, ಇನ್ನು ಜನಕ್ಕೆ ಬಡಿಸುವ ಯೋಗ್ಯತೆ ನನಗಿಲ್ಲ ಎಂದು ಹೇಳಿ ಕಳಿಸಿದರಂತೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಮಾಡಿಸಿದ್ದು ನನ್ನ ಭಾವನೇ ಎಂದೂ ಹೇಳಿದೆ. ಅವರು ನಂಬಲಿಲ್ಲ. ನನ್ನ ಸಮಾಧಾನಕ್ಕೆ ನಿನ್ನ ಮನೆಯವರ ಮೇಲೇ ಹಾಕ್ಕೋತೀಯಲ್ಲಮ್ಮ, ನಿನ್ನ ಕೆಲಸಾನೇ ಅದು ಎಂದರು. ನನ್ನ ಜನ್ಮದಲ್ಲಿ ಮೊದಲ ಸಲ ನಾನು ಕ್ಷಮೆ ಕೇಳದೆ ನಿಜ ಹೇಳಿದೆ, ಅದನ್ನೂ ಅವರು ಕ್ಷಮೆಯ ಲೆಕ್ಕಕ್ಕೇ ಹಾಕಿದರು.

ಮಾಲೀಕರಿಗೂ ಇವತ್ತು ಬೆಳಿಗ್ಗೆ ಹೇಳಿದೆ. ಆ ಮನುಷ್ಯ ತಾನೇ ಬಂದು ಅಡುಗೆಮನೆಯವರ ಮುಂದೆ ಒಪ್ಪಿಕೊಳ್ಳಲಿ, ಸೌಟಣ್ಣನನ್ನು ನಾನೇ ಹೋಗಿ ಕರ್ಕೊಂಡು ಬರ್ತೀನಿ, ಬರೀ ನಿಮ್ಮ ಬಾಯಿ ಮಾತಿಗೆ ನಾನು ಊರಿಗೆಲ್ಲ ಏನಂತ ಹೇಳಲಿ ಎಂದರು. ಬರುವ ಸೋಮವಾರ ಹೊಸ ಅಡುಗೆಯವರು ಬರುತ್ತಾರೆ. ಆಮೇಲೆ ಯಾರು ಒಪ್ಪಿಕೊಂಡರೂ ಸೌಟಣ್ಣನಿಗೆ ಇಲ್ಲಿ ಜಾಗವಿಲ್ಲ.

ಆದ್ದರಿಂದ ನಿನ್ನನ್ನು ಕೇಳುವುದು ಇಷ್ಟೇ. ಶನಿವಾರದೊಳಗೆ ಭಾವನನ್ನು ಇಲ್ಲಿಗೆ ಕಳಿಸು. ಹಾಲ್‌ಗೆ ಬರಬೇಕಾಗಿಲ್ಲ, ಹಿಂದಿನ ಬಾಗಿಲಿನಿಂದ ಬರಲಿ. ಪುಟ್ಟಿಯ ಹೆಸರು ಎತ್ತಬೇಕಾಗಿಲ್ಲ, ಹುಳ ನಾನೇ ಹಾಕಿದೆ ಎಂದು ಅಡುಗೆಮನೆಯವರ ಮುಂದೆ, ಆಮೇಲೆ ಸೌಟಣ್ಣನ ಮುಖ ನೋಡಿಕೊಂಡು ಹೇಳಲಿ. ಎಷ್ಟು ಬಾಗಬೇಕೆಂದು ಬೇಕಾದರೆ ನಾನು ಹೇಳಿಕೊಡುತ್ತೇನೆ. ಬರದಿದ್ದರೆ ನಾನೇ ಅವರ ಆಫೀಸಿಗೆ ಹೋಗುತ್ತೇನೆ, ಅವತ್ತು ಉಂಡವರನ್ನೆಲ್ಲ ಒಟ್ಟಿಗೆ ಕೂರಿಸಿ ಉಣಿಸಿದ್ದು ಏನೆಂದು ಹೇಳುತ್ತೇನೆ. ನಿನ್ನ ಸಂಸಾರ ಹಾಳುಮಾಡಿದಳು ತಂಗಿ ಎಂದು ಜನ ಅನ್ನಲಿ. ಜನರ ಬಾಯಿಂದ ಹೊರಗೆ ಬರುವುದನ್ನೆಲ್ಲ ನಾನು ದಿನಾ ಒರೆಸುತ್ತೇನೆ.

ಪುಟ್ಟಿಯ ವಿಷಯಕ್ಕೆ ನನಗೆ ನಿದ್ದೆಯಿಲ್ಲ. ಅವಳಿಗೆ ಹೇಸಿಗೆ ಆಗಬೇಕು ಅಕ್ಕ. ಮಕ್ಕಳಿಗೆ ಜಿರಳೆ ಕಂಡರೆ ಹೇಸಿಗೆ ಆಗಬೇಕು.

ನಾಲ್ಕು ಗಂಟೆಗೆ ಹಾಲ್ ತೆರೆಯುತ್ತಾರೆ, ಕೋಟು ಹಾಕಿಕೊಳ್ಳಬೇಕು. ಆರೋಗ್ಯ ನೋಡಿಕೋ.

ಇಂತಿ,
ನಿನ್ನ ಬೆನ್ನಿಗೆ ಬಿದ್ದವಳು,
ಸಣ್ಣಿ

ಮರೆತ ಮಾತು: ಮರೆತಿದ್ದೆ ಎಂದರೆ ಸುಳ್ಳು, ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಐಸ್‌ಕ್ರೀಂ ತಿಂದು ಮುಗಿಸಿದ ಮೇಲೆ ಪುಟ್ಟಿ, ನಾನು ಚೆನ್ನಾಗಿ ಅತ್ತೆನಾ ಚಿಕ್ಕಮ್ಮ ಎಂದು ಕೇಳಿದಳು. ಚೆನ್ನಾಗಿ ಅತ್ತೆ, ಯಾರು ಹೇಳಿಕೊಟ್ಟರು ಎಂದೆ. ಮೊದಲು ತುಟಿ ನಡುಗಿಸಬೇಕು, ಆಮೇಲೆ ಕಿರುಚಬೇಕು, ಎಲ್ಲರೂ ತಿರುಗಿ ನೋಡುವವರೆಗೂ ನಿಲ್ಲಿಸಬಾರದು ಎಂದು ನನಗೆ ಮಾಡಿ ತೋರಿಸಿದಳು. ಕನ್ನಡಿ ಮುಂದೆ ನಿಲ್ಲಿಸಿ ನೀನು ಕಲಿಸಿದ್ದಂತೆ. ಮೇಲೆ ಬರೆದದ್ದನ್ನೆಲ್ಲ ನಿನಗೆ ಏನೂ ಗೊತ್ತಿಲ್ಲವೆಂಬ ಹಾಗೆ ಬರೆದೆ, ಎದುರಿಗಿರುವವರು ಎಂಥವರೇ ಆಗಲಿ ಮರ್ಯಾದೆ ಕೊಡುವುದು ನನಗೆ ರೂಢಿಯಾಗಿಬಿಟ್ಟಿದೆ. ಶನಿವಾರ ಭಾವನೊಬ್ಬರನ್ನೇ ಕಳಿಸಬೇಡ. ನೀನೂ ಬಾ.